ಒಂದು ಸಾಲು ಓದುವುದು: ಸಿ ಭಾಷೆಯಲ್ಲಿ ಬಳಕೆದಾರರ ಪಠ್ಯವನ್ನು ಸುರಕ್ಷಿತವಾಗಿ ತೆಗೆದುಕೊಳ್ಳುವ ಬಗೆ

ಕಲಬುರಗಿ ಗಂಜ್ ಮಾರುಕಟ್ಟೆಯ ಒಂದು ಅಡತಿ ಅಂಗಡಿಗೆ ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮ್ ಬರೆಯಬೇಕಿದೆ ಅಂದುಕೊಳ್ಳಿ. ತೊಗರಿ ತಂದವರ ಹೆಸರು, ವಿಳಾಸ, ಎಷ್ಟು ಕ್ವಿಂಟಲ್, ಫೋನ್ ನಂಬರ್ ಎಂದು ನಾಲ್ಕು ಪ್ರಶ್ನೆ ಕೇಳಿ, ದರದಿಂದ ಗುಣಿಸಿ, ಚೀಟಿ ಕೊಡಬೇಕು. ಡಿಪ್ಲೊಮಾ, ಬಿಸಿಎ, ಬಿಇ ಮೊದಲ ವರ್ಷದ ಹುಡುಗ ಹುಡುಗಿಯರು ಮಿನಿ ಪ್ರಾಜೆಕ್ಟಿಗೆ ಇಂಥದ್ದನ್ನೇ ಆರಿಸಿಕೊಳ್ಳುತ್ತಾರೆ. ಗುಣಾಕಾರ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಪ್ರೋಗ್ರಾಮ್ ಕೆಡುವುದು ಆ ನಾಲ್ಕು ಉತ್ತರಗಳನ್ನು ಓದಿಕೊಳ್ಳುವ ಜಾಗದಲ್ಲಿ. ಎಷ್ಟೋ ತರಗತಿಗಳಲ್ಲಿ ಈ ವಿಷಯ ಮೊದಲ ವಾರದಲ್ಲೇ ಮುಗಿದುಹೋಗಿ, ಮತ್ತೆ ಯಾರೂ ಅದರ ಕಡೆ ತಿರುಗುವುದಿಲ್ಲ. ಪಾಯಿಂಟರ್ ಬರಲಿ ಬಿಡಲಿ, ಸಿ ಕಲಿಯುವವರಿಗೆ ಇದು ಮಾತ್ರ ಚೆನ್ನಾಗಿ ತಿಳಿದಿರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಫಂಕ್ಷನ್ ಹೆಸರುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಎಲ್ಲರೂ ಮೊದಲು ಕಲಿಯುವುದು ಸ್ಕ್ಯಾನ್‌ಎಫ್. ವಿಳಾಸಕ್ಕೆ 20 ಬೈಟಿನ ಒಂದು ಚಾರ್ ಅರೇ, ಅದಕ್ಕೆ ಸ್ಕ್ಯಾನ್‌ಎಫ್‌ನಲ್ಲಿ '%ಎಸ್'. ಬಳಕೆದಾರರು 'ಜೇವರ್ಗಿ ರೋಡ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಎಂಟರ್ ಒತ್ತುತ್ತಾರೆ. '%ಎಸ್' ಖಾಲಿ ಜಾಗ ಕಂಡಲ್ಲಿ ನಿಲ್ಲುತ್ತದೆ, ಹಾಗಾಗಿ ಅರೇಗೆ 'ಜೇವರ್ಗಿ' ಮಾತ್ರ ಬರುತ್ತದೆ. 'ರೋಡ್' ಎಲ್ಲಿಗೂ ಹೋಗಿಲ್ಲ, ಇನ್‌ಪುಟ್ ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕಾಯುತ್ತಾ ಕೂತಿದೆ. ಮುಂದಿನ ಪ್ರಶ್ನೆ ಕ್ವಿಂಟಲ್, ಅದಕ್ಕೆ '%ಡಿ'. ಅದು ಬಂದು ನೋಡಿದರೆ ಎದುರಿಗೆ 'ರೋಡ್' ಇದೆ, ಅಂಕಿ ಇಲ್ಲ. ಅದು ಏನನ್ನೂ ತೆಗೆದುಕೊಳ್ಳದೆ ಸೊನ್ನೆ ಎಂದು ಉತ್ತರಿಸಿ ವಾಪಸಾಗುತ್ತದೆ. ಕ್ವಿಂಟಲ್ ವೇರಿಯಬಲ್ಲಿನಲ್ಲಿ ಮೊದಲೇ ಇದ್ದ ಕಸ ಹಾಗೇ ಉಳಿಯುತ್ತದೆ, ಚೀಟಿಯಲ್ಲಿ ಆ ಕಸಕ್ಕೇ ದರ ಬೀಳುತ್ತದೆ. ಇದನ್ನೇ ಲೂಪಿನೊಳಗೆ ಇಟ್ಟಿದ್ದರೆ 'ರೋಡ್' ಎಂದಿಗೂ ಕದಲುವುದಿಲ್ಲ, ಪರದೆಯ ಮೇಲೆ ಒಂದೇ ಪ್ರಶ್ನೆ ಕೊನೆಯಿಲ್ಲದೆ ಓಡುತ್ತದೆ. 'ಸರ, ಕ್ವಿಂಟಲ್ ಕೇಳ್ಲಾರದೇ ಮುಂದ ಹೋಗ್ಲಾಕತ್ತದ' ಎಂದು ಲ್ಯಾಬಿನಲ್ಲಿ ಕೈ ಎತ್ತುವವರ ಪ್ರೋಗ್ರಾಮುಗಳಲ್ಲಿ ಹೆಚ್ಚಿನ ಪಾಲು ಇದೇ ಕಥೆ.

ಅದಕ್ಕೆ ಲ್ಯಾಬಿನಲ್ಲಿ ಓಡಾಡುವ ಪರಿಹಾರ ಎಂದರೆ ಸ್ಟ್ಯಾಂಡರ್ಡ್ ಇನ್‌ಪುಟ್ ಮೇಲೆ ಎಫ್‌ಫ್ಲಶ್ ಕರೆಯುವುದು. ಟರ್ಬೊ ಸಿ ಕಾಲದಿಂದ ಬಂದ ಅಭ್ಯಾಸ ಅದು. ಸಿ ಸ್ಟ್ಯಾಂಡರ್ಡ್ ಎಫ್‌ಫ್ಲಶ್‌ಗೆ ಅರ್ಥ ಕೊಟ್ಟಿರುವುದು ಹೊರಗೆ ಬರೆಯುವ ಸ್ಟ್ರೀಮುಗಳಿಗೆ. ಒಳಗೆ ಓದುವ ಸ್ಟ್ರೀಮಿನ ಮೇಲೆ ಕರೆದರೆ ಏನಾಗಬೇಕು ಎಂಬುದಕ್ಕೆ ನಿಯಮವೇ ಇಲ್ಲ. ಒಂದು ಕಂಪೈಲರಿನಲ್ಲಿ ನಡೆದದ್ದು ಲಿನಕ್ಸಿಗೆ ಬಂದಾಗ ಕೈಕೊಡುತ್ತದೆ. ಮನೆಯಲ್ಲಿ ಓಡಿದ ಪ್ರೋಗ್ರಾಮ್ ಪರೀಕ್ಷೆಯ ದಿನ ಓಡದಿರಲು ಇಷ್ಟು ಸಾಕು.

ಗೆಟ್ಸ್ ಎಂಬ ಫಂಕ್ಷನ್

ಖಾಲಿ ಜಾಗದ ಸಮಸ್ಯೆಗೆ ಹಳೆಯ ನೋಟ್ಸುಗಳು ತೋರಿಸುವ ದಾರಿ ಗೆಟ್ಸ್. ಅದು ಎಂಟರ್ ಬರುವ ತನಕ ಪೂರ್ತಿ ಸಾಲು ಓದುತ್ತದೆ, 'ಜೇವರ್ಗಿ ರೋಡ್' ಪೂರಾ ಬರುತ್ತದೆ. ಆದರೆ ಅದನ್ನು ಕರೆಯುವ ರೀತಿಯನ್ನು ಒಮ್ಮೆ ಗಮನಿಸಿ. ನಾವು ಕೊಡುವುದು ಅರೇಯ ಹೆಸರು ಮಾತ್ರ, ಅರೇ ಎಷ್ಟು ದೊಡ್ಡದು ಎಂದು ಹೇಳುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಸಿ ಭಾಷೆಯಲ್ಲಿ ಅರೇ ತನ್ನ ಉದ್ದವನ್ನು ಜೊತೆಯಲ್ಲಿ ಹೊತ್ತು ತಿರುಗುವುದಿಲ್ಲ. ಫಂಕ್ಷನ್ನಿಗೆ ತಲುಪುವುದು ಮೊದಲ ಬೈಟಿನ ವಿಳಾಸ ಅಷ್ಟೆ. ಹಾಗಿರುವಾಗ 20 ಬೈಟಿನ ಅರೇಗೆ 200 ಅಕ್ಷರ ಬಂದರೆ ಗೆಟ್ಸ್ ಅಷ್ಟನ್ನೂ ಬರೆಯುತ್ತದೆ. ಮೊದಲ 20 ನಮ್ಮ ಜಾಗ, ಉಳಿದದ್ದೆಲ್ಲ ಬೇರೆಯವರ ಜಾಗ.

ಆ ಜಾಗದಲ್ಲಿ ಏನಿರುತ್ತದೆ ಎಂಬುದೇ ಇಲ್ಲಿ ಮುಖ್ಯ. ಫಂಕ್ಷನ್ನಿನ ಒಳಗೆ ಘೋಷಿಸಿದ ಅರೇ ಸ್ಟ್ಯಾಕ್ ಎಂಬ ಮೆಮೊರಿ ಭಾಗದಲ್ಲಿ ಕೂರುತ್ತದೆ. ಅದರ ಆಸುಪಾಸಿನಲ್ಲಿ ಆ ಫಂಕ್ಷನ್ನಿನ ಬೇರೆ ವೇರಿಯಬಲ್ಲುಗಳಿರುತ್ತವೆ. ಸ್ವಲ್ಪ ಮುಂದೆ, ಈ ಫಂಕ್ಷನ್ ಮುಗಿದ ಮೇಲೆ ಪ್ರೊಸೆಸರ್ ಎಲ್ಲಿಗೆ ಮರಳಬೇಕು ಎಂಬ ವಿಳಾಸ ಇರುತ್ತದೆ. ಮಿತಿ ಮೀರಿ ಬಂದ ಪಠ್ಯ ಮೊದಲು ವೇರಿಯಬಲ್ಲುಗಳನ್ನು ಅಳಿಸುತ್ತದೆ, ಆಮೇಲೆ ಆ ಮರಳುವ ವಿಳಾಸವನ್ನೂ ಅಳಿಸುತ್ತದೆ. ಏನೋ ಹೊಡೆದದ್ದಾದರೆ ಪ್ರೋಗ್ರಾಮ್ ಸಾಯುತ್ತದೆ. ಲೆಕ್ಕ ಹಾಕಿ ಹೊಡೆದದ್ದಾದರೆ, ಪ್ರೊಸೆಸರ್ ಹೊಡೆದವರು ಹೇಳಿದ ಜಾಗಕ್ಕೆ ಹೋಗಿ ಅವರು ಹೇಳಿದ್ದನ್ನು ಮಾಡುತ್ತದೆ.

1988ರ ನವೆಂಬರ್ 2ರಂದು ಇದು ದೊಡ್ಡ ಪ್ರಮಾಣದಲ್ಲಿ ನಡೆದುಹೋಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಬಿಟ್ಟ ಒಂದು ಹುಳು, ಅಂದರೆ ತನ್ನನ್ನೇ ನಕಲು ಮಾಡಿಕೊಂಡು ಹರಡುವ ಪ್ರೋಗ್ರಾಮ್, ಇಂಟರ್‌ನೆಟ್ ತುಂಬ ಹಬ್ಬಿತು. ಅದು ಬಳಸಿದ ದಾರಿಗಳಲ್ಲಿ ಒಂದು, ಯುನಿಕ್ಸ್ ಯಂತ್ರಗಳಲ್ಲಿದ್ದ ಫಿಂಗರ್ ಎಂಬ ಸೇವೆಯ ಪ್ರೋಗ್ರಾಮ್. ಆ ಪ್ರೋಗ್ರಾಮ್ ಬಂದ ಕೋರಿಕೆಯನ್ನು 512 ಬೈಟಿನ ಬಫರಿಗೆ ಗೆಟ್ಸ್ ಮೂಲಕ ಓದುತ್ತಿತ್ತು. ಹುಳು 536 ಬೈಟ್ ಕಳಿಸಿತು. ಹೆಚ್ಚಿನ ಆ 24 ಬೈಟು ಮರಳುವ ವಿಳಾಸವನ್ನು ಬದಲಿಸಿ ವ್ಯಾಕ್ಸ್ ಎಂಬ ಕಂಪ್ಯೂಟರುಗಳನ್ನು ಹುಳುವಿನ ಕೈಗೆ ಕೊಟ್ಟವು. ಆಗಿನ ಅಂದಾಜಿನ ಪ್ರಕಾರ ಸುಮಾರು 6,000 ಯಂತ್ರಗಳಿಗೆ ಅದು ತಗುಲಿತು. ಕಂಪ್ಯೂಟರ್ ಭದ್ರತೆಯ ತುರ್ತು ನೋಡಿಕೊಳ್ಳುವ ಸಿಇಆರ್‌ಟಿ ಎಂಬ ತಂಡ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು ಈ ಘಟನೆಯ ಬೆನ್ನಿಗೇ. 'ಕೀಬೋರ್ಡಿನ ಮುಂದೆ ಕೂತು ಯಾರು ಐನೂರು ಅಕ್ಷರ ಹೊಡೀತಾರ ಸರ?' ಎಂದು ಕೇಳುವವರಿಗೆ ಉತ್ತರ ಇದರಲ್ಲೇ ಇದೆ. ಇನ್‌ಪುಟ್ ಕೀಬೋರ್ಡಿನಿಂದಲೇ ಬರಬೇಕು ಎಂದಿಲ್ಲ. ಫೈಲಿನಿಂದ, ಕಾಪಿ-ಪೇಸ್ಟಿನಿಂದ, ನೆಟ್‌ವರ್ಕಿನ ಆಚೆಯಿಂದಲೂ ಬರುತ್ತದೆ.

ಇಷ್ಟಾದರೂ 1999ರ ಸ್ಟ್ಯಾಂಡರ್ಡಿನಲ್ಲಿ ಗೆಟ್ಸ್ ಉಳಿದುಕೊಂಡಿತ್ತು. ಅದನ್ನು ಪೂರ್ತಿ ತೆಗೆದುಹಾಕಿದ್ದು 2011ರ ಸಿ11ರಲ್ಲಿ. ಲಿನಕ್ಸಿನಲ್ಲಿ ಜಿಸಿಸಿ ಕಂಪೈಲರ್ ಬಳಸಿದರೆ ಈ ಫಂಕ್ಷನ್ ಅಪಾಯಕಾರಿ, ಬಳಸಬೇಡಿ ಎಂದು ಲಿಂಕರ್ ನೇರವಾಗಿಯೇ ಹೇಳುತ್ತದೆ, ಜಿಸಿಸಿಯ ತೀರ ಹೊಸ ಆವೃತ್ತಿಗಳಲ್ಲಿ ಅದು ಕಂಪೈಲೇ ಆಗುವುದಿಲ್ಲ. ಭಾಷೆಯಿಂದಲೇ ಹೊರಹಾಕಿದ ಫಂಕ್ಷನ್ನನ್ನು ಇವತ್ತಿಗೂ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆಸುವುದು ತಪ್ಪು. ಇದರಲ್ಲಿ ರಾಜಿ ಇರಬಾರದು. ಅಂದಹಾಗೆ, ಅಗಲ ಹೇಳದ '%ಎಸ್' ಕೂಡ ಅಷ್ಟೇ ಅಪಾಯಕಾರಿ. ಅದಕ್ಕೂ ಅರೇಯ ಉದ್ದ ಗೊತ್ತಿಲ್ಲ. 20 ಬೈಟಿನ ಅರೇಗೆ '%19ಎಸ್' ಎಂದು ಬರೆಯಬೇಕು, ಕೊನೆಯ ಒಂದು ಬೈಟು ಪಠ್ಯ ಮುಗಿಯಿತು ಎಂದು ಹೇಳುವ ನಲ್‌ಗೆ ಮೀಸಲು.

ಮೊದಲು ಸಾಲು, ಆಮೇಲೆ ಅರ್ಥ

ಸ್ಕ್ಯಾನ್‌ಎಫ್‌ನ ತೊಂದರೆಗಳ ಬುಡ ಒಂದೇ. ಅದು ಓದುವುದನ್ನೂ ಅರ್ಥ ಮಾಡಿಕೊಳ್ಳುವುದನ್ನೂ ಒಟ್ಟಿಗೆ ಮಾಡಲು ಹೋಗುತ್ತದೆ. ಅರ್ಥವಾಗದಿದ್ದಾಗ ಅರ್ಧ ಓದಿ ಅರ್ಧ ಬಿಡುತ್ತದೆ. ಗಂಜಿನಲ್ಲಿ ಗಾಡಿಯಿಂದ ಚೀಲವನ್ನು ಮೊದಲು ಕೆಳಗಿಳಿಸುತ್ತಾರೆ, ತೂಕ, ದರ ಎಲ್ಲ ಆಮೇಲೆ. ಇಲ್ಲಿಯೂ ಹಾಗೆಯೇ ಮಾಡಬೇಕು. ಬಳಕೆದಾರರು ಏನೇ ಹೊಡೆದಿರಲಿ, ಒಂದು ಪೂರ್ತಿ ಸಾಲನ್ನು ಪಠ್ಯವಾಗಿಯೇ ನಮ್ಮ ಅರೇಗೆ ತಂದುಕೊಳ್ಳಬೇಕು. ಅದು ಸಂಖ್ಯೆಯೋ ಹೆಸರೋ ಎಂಬ ವಿಚಾರಣೆ ಆ ಅರೇಯ ಮೇಲೆ ನಡೆಯಲಿ. ವಿಚಾರಣೆ ಸೋತರೂ ಇನ್‌ಪುಟ್ ಬಫರಿನಲ್ಲಿ ಏನೂ ಉಳಿದಿರುವುದಿಲ್ಲ, ಮತ್ತೆ ಕೇಳಿದರಾಯಿತು.

ಸಾಲು ತರುವ ಕೆಲಸಕ್ಕೆ ಎಫ್‌ಗೆಟ್ಸ್ ಇದೆ. ಅದಕ್ಕೆ ಮೂರು ವಿಷಯ ಹೇಳಬೇಕು: ಯಾವ ಅರೇ, ಅದರ ಗಾತ್ರ ಎಷ್ಟು, ಎಲ್ಲಿಂದ ಓದಬೇಕು. ಗಾತ್ರ 20 ಎಂದರೆ ಅದು ಹೆಚ್ಚೆಂದರೆ 19 ಬೈಟು ಓದಿ, ಕೊನೆಗೆ ನಲ್ ಇಡುತ್ತದೆ. ಗಾತ್ರವನ್ನು ಕೈಯಾರೆ 20 ಎಂದು ಬರೆಯುವ ಬದಲು ಸೈಜ್‌ಆಫ್ ಬಳಸುವುದು ಒಳ್ಳೆಯದು, ನಾಳೆ ಅರೇ ಬದಲಾದರೆ ಗಾತ್ರವೂ ತಾನೇ ಬದಲಾಗುತ್ತದೆ. ಆದರೆ ಒಂದು ಎಚ್ಚರ ಇರಲಿ. ಅರೇಯನ್ನು ಇನ್ನೊಂದು ಫಂಕ್ಷನ್ನಿಗೆ ಕಳಿಸಿ ಅದರೊಳಗೆ ಸೈಜ್‌ಆಫ್ ಕೇಳಿದರೆ ಸಿಗುವುದು ಪಾಯಿಂಟರಿನ ಗಾತ್ರ, ಇಂದಿನ ಸಾಮಾನ್ಯ ಯಂತ್ರಗಳಲ್ಲಿ 8. ಆದ್ದರಿಂದ ಅರೇ ಕಳಿಸುವಾಗ ಗಾತ್ರವನ್ನೂ ಜೊತೆಗೇ ಕಳಿಸಬೇಕು.

ಎಫ್‌ಗೆಟ್ಸ್ ಎಂಟರನ್ನೂ ಓದಿಕೊಳ್ಳುತ್ತದೆ. ಅರೇಯಲ್ಲಿ ಜಾಗವಿದ್ದರೆ ಹೊಸಸಾಲಿನ ಅಕ್ಷರವೂ ಪಠ್ಯದ ಜೊತೆಗೇ ಇರುತ್ತದೆ. ಹಾಗಾಗಿಯೇ 'ಬೀದರ್' ಎಂದು ಹೊಡೆದರೂ 'ಬೀದರ್' ಜೊತೆ ಹೋಲಿಸಿದಾಗ ಸರಿಹೊಂದುವುದಿಲ್ಲ. ಅದನ್ನು ತೆಗೆಯಲು ಹಲವರು ಸ್ಟ್ರಿಂಗಿನ ಉದ್ದದಿಂದ ಒಂದು ಕಳೆದು ಆ ಜಾಗದಲ್ಲಿ ನಲ್ ಇಡುತ್ತಾರೆ. ಇದರಲ್ಲಿ ಎರಡು ಕುತ್ತುಗಳಿವೆ. ಫೈಲಿನ ಕೊನೆಯ ಸಾಲಿಗೆ ಎಂಟರ್ ಇಲ್ಲದಿದ್ದರೆ ಅಸಲಿ ಅಕ್ಷರವೇ ಹೋಗುತ್ತದೆ. ಸಾಲಿನ ಮೊದಲ ಬೈಟೇ ನಲ್ ಆಗಿ ಬಂದಿದ್ದರೆ ಉದ್ದ ಸೊನ್ನೆ, ಅದರಿಂದ ಒಂದು ಕಳೆದರೆ ಚಿಹ್ನೆಯಿಲ್ಲದ ಲೆಕ್ಕದಲ್ಲಿ ಅಗಾಧ ಸಂಖ್ಯೆಯಾಗಿ ಅರೇಯ ಹೊರಗೆ ಬರೆದಂತಾಗುತ್ತದೆ. ಎಸ್‌ಟಿಆರ್‌ಸಿಎಸ್‌ಪಿಎನ್ ಎಂಬ ಫಂಕ್ಷನ್ ಹೊಸಸಾಲಿನ ಅಕ್ಷರ ಎಷ್ಟನೇ ಜಾಗದಲ್ಲಿದೆ ಎಂದು ಹೇಳುತ್ತದೆ, ಇಲ್ಲದಿದ್ದರೆ ಸ್ಟ್ರಿಂಗಿನ ಉದ್ದವನ್ನೇ ಕೊಡುತ್ತದೆ. ಅದು ಹೇಳಿದ ಜಾಗದಲ್ಲಿ ನಲ್ ಇಟ್ಟರೆ ಯಾವ ಸಂದರ್ಭದಲ್ಲೂ ಹಾನಿಯಿಲ್ಲ.

ಹೊಸಸಾಲು ಸಿಗದೇ ಇದ್ದರೆ? ಒಂದೋ ಇನ್‌ಪುಟ್ ಅಲ್ಲಿಗೆ ಮುಗಿದಿದೆ, ಇಲ್ಲವೇ ಸಾಲು ನಮ್ಮ ಅರೇಗಿಂತ ಉದ್ದವಿದ್ದು ಬಾಕಿ ಭಾಗ ಬಫರಿನಲ್ಲಿ ಉಳಿದಿದೆ. ಆ ಬಾಕಿಯನ್ನು ಖಾಲಿ ಮಾಡದಿದ್ದರೆ ವಿಳಾಸದ ಬಾಲ ಕ್ವಿಂಟಲ್ ಪ್ರಶ್ನೆಗೆ ಉತ್ತರವಾಗಿ ಬರುತ್ತದೆ, ಹಳೆಯ ಕಥೆಯೇ ಮತ್ತೆ. ಹೊಸಸಾಲು ಅಥವಾ ಇಓಎಫ್ (ಇನ್‌ಪುಟ್ ಮುಗಿಯಿತು ಎಂಬ ಗುರುತು) ಬರುವ ತನಕ ಗೆಟ್‌ಚಾರ್ ಕರೆದು ಚೆಲ್ಲಬೇಕು. ಚೆಲ್ಲುವಾಗ ಹೊಸಸಾಲಿಗಿಂತ ಮೊದಲು ಒಂದಾದರೂ ಅಕ್ಷರ ಸಿಕ್ಕಿದ್ದರೆ ಮಾತ್ರ ಸಾಲು ಉದ್ದವಾಗಿತ್ತು ಎಂದರ್ಥ. ಸರಿಯಾಗಿ 19 ಬೈಟಿನ ಸಾಲಾದರೆ ಉಳಿದಿರುವುದು ಬರೀ ಎಂಟರ್, ಅದು ತಪ್ಪಲ್ಲ. ಈ ಸೂಕ್ಷ್ಮವನ್ನು ಬಿಟ್ಟ ಪ್ರೋಗ್ರಾಮುಗಳು ಸರಿಯಾದ ಉತ್ತರವನ್ನೂ ಬೈದು ಕಳಿಸುತ್ತವೆ. ಗೆಟ್‌ಚಾರ್ ಕೊಡುವುದನ್ನು ಇಂಟ್ ವೇರಿಯಬಲ್ಲಿಗೇ ಹಾಕಬೇಕು, ಚಾರ್‌ಗೆ ಬೇಡ. ಇಓಎಫ್ ಋಣ ಸಂಖ್ಯೆ. ರಾಸ್ಪ್‌ಬೆರಿ ಪೈಯಂಥ ಎಆರ್‌ಎಂ ಲಿನಕ್ಸ್ ಯಂತ್ರಗಳಲ್ಲಿ ಚಾರ್‌ಗೆ ಋಣ ಚಿಹ್ನೆಯೇ ಇಲ್ಲದ್ದರಿಂದ ಅದರಲ್ಲಿ ಇಓಎಫ್ ಎಂದೂ ಕಾಣಿಸುವುದಿಲ್ಲ, ಲೂಪ್ ನಿಲ್ಲುವುದಿಲ್ಲ.

ಉದ್ದವಾದ ಸಾಲನ್ನು ಸುಮ್ಮನೆ ಕತ್ತರಿಸಿ ಇಟ್ಟುಕೊಳ್ಳುವುದಕ್ಕಿಂತ, ಉದ್ದವಾಯಿತು ಎಂದು ಹೇಳಿ ಮತ್ತೆ ಕೇಳುವುದೇ ಮರ್ಯಾದೆ. ಅರ್ಧ ಹೆಸರಿಗೆ ಹಣ ಬರೆಯುವಂತಾಗಬಾರದು. ಇನ್ನು ಎಫ್‌ಗೆಟ್ಸ್ ನಲ್ ಪಾಯಿಂಟರ್ ಹಿಂದಿರುಗಿಸಿದರೆ ಇನ್‌ಪುಟ್ ಮುಗಿದಿದೆ ಇಲ್ಲವೇ ದೋಷವಾಗಿದೆ. ಆಗ ಅರೇಯನ್ನು ಮುಟ್ಟದೆ, ಮತ್ತೆ ಕೇಳಲೂ ಹೋಗದೆ ಲೂಪಿನಿಂದ ಹೊರಬರಬೇಕು.

ಲಿನಕ್ಸಿನಂಥ ಪೋಸಿಕ್ಸ್ ವ್ಯವಸ್ಥೆಗಳಲ್ಲಿ ಗೆಟ್‌ಲೈನ್ ಎಂಬುದೂ ಇದೆ. ಅದು ಸಾಲು ಎಷ್ಟು ಉದ್ದವಿದ್ದರೂ ಮೆಮೊರಿಯನ್ನು ತಾನೇ ಬೆಳೆಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಫ್ರೀ ಮಾಡುವುದು ನಮ್ಮ ಹೊಣೆ. ಹೊರಗಿನವರು ಎಷ್ಟು ಬೇಕಾದರೂ ಕಳಿಸಬಹುದಾದ ಕಡೆ ಅದಕ್ಕೂ ಮಿತಿ ಇಲ್ಲ ಎಂಬುದು ನೆನಪಿರಲಿ.

ಅಂಕಿಗಳು

ಕ್ವಿಂಟಲ್ ಸಾಲು ಅರೇಗೆ ಬಂದಿದೆ. ಎಟೊಐ ಬೇಡ. '12' ಕೊಟ್ಟರೆ 12 ಕೊಡುತ್ತದೆ, 'ಹನ್ನೆರಡು' ಎಂದು ಬರೆದರೆ ಸೊನ್ನೆ ಕೊಡುತ್ತದೆ, '0' ಎಂದರೂ ಸೊನ್ನೆಯೇ. ತಪ್ಪು ಉತ್ತರವನ್ನೂ ನಿಜವಾದ ಸೊನ್ನೆಯನ್ನೂ ಬೇರೆ ಮಾಡಲು ಸಾಧ್ಯವಿಲ್ಲ. ಎಸ್‌ಟಿಆರ್‌ಟಿಒಎಲ್ ಬಳಸಿದರೆ ಅದು ಓದುವುದನ್ನು ಎಲ್ಲಿ ನಿಲ್ಲಿಸಿತು ಎಂಬುದನ್ನೂ ಒಂದು ಪಾಯಿಂಟರಿನಲ್ಲಿ ತಿಳಿಸುತ್ತದೆ. ಆ ಪಾಯಿಂಟರ್ ಆರಂಭದಲ್ಲೇ ನಿಂತಿದ್ದರೆ ಅಂಕಿಯೇ ಇರಲಿಲ್ಲ. ಕೊನೆಯ ನಲ್ ತಲುಪದೆ ನಡುವೆ ನಿಂತಿದ್ದರೆ ಹಿಂದೆ ಏನೋ ಅಂಟಿಕೊಂಡಿದೆ, '12ಚೀಲ' ಎಂದು ಬರೆದ ಹಾಗೆ. ಸಂಖ್ಯೆ ಲಾಂಗ್‌ನ ಮಿತಿ ದಾಟಿತೇ ಎಂದು ತಿಳಿಯಲು ಕರೆಯುವ ಮೊದಲು ದೋಷದ ಗುರುತು ಇರುವ ಎರ್‌ನೋವನ್ನು ಸೊನ್ನೆ ಮಾಡಿ, ಆಮೇಲೆ ಅದು ಇರೇಂಜ್ (ಮಿತಿ ದಾಟಿದೆ ಎಂಬ ಗುರುತು) ಆಗಿದೆಯೇ ಎಂದು ನೋಡಬೇಕು. ತೊಗರಿ ಹನ್ನೆರಡೂವರೆ ಕ್ವಿಂಟಲ್ ಇರುವುದೂ ಉಂಟು, '12.5'ಕ್ಕೆ ಎಸ್‌ಟಿಆರ್‌ಟಿಒಡಿ ಬೇಕು. ಅದರಲ್ಲೂ ಇದೇ ತಪಾಸಣೆ. ಇವೆಲ್ಲ ಆದ ಮೇಲೆಯೂ ಋಣ ಕ್ವಿಂಟಲ್ ಬಂದಿದೆಯೇ ಎಂದು ನೋಡಬೇಕಾದವರು ನೀವೇ, ಭಾಷೆಗೆ ತೊಗರಿಯ ವಿಷಯ ಗೊತ್ತಿಲ್ಲ.

ಫೋನ್ ನಂಬರಿಗೆ ಮಾತ್ರ ಈ ದಾರಿ ಹಿಡಿಯಬೇಡಿ. ಹತ್ತು ಅಂಕಿಯ ಮೊಬೈಲ್ ನಂಬರ್ 32 ಬಿಟ್ಟಿನ ಇಂಟ್‌ನಲ್ಲಿ ಹಿಡಿಯುವುದೇ ಇಲ್ಲ, ಅದರ ಗರಿಷ್ಠ 2147483647. ಸ್ಥಿರ ದೂರವಾಣಿಯದ್ದಾದರೆ ಕಲಬುರಗಿಯ ಎಸ್‌ಟಿಡಿ ಕೋಡ್ 08472. ಸಂಖ್ಯೆ ಮಾಡಿದರೆ ಮುಂದಿನ ಸೊನ್ನೆ ಹೋಗಿ 8472 ಆಗುತ್ತದೆ. '%ಐ' ಬಳಸಿದರೆ, ಅಥವಾ ಎಸ್‌ಟಿಆರ್‌ಟಿಒಎಲ್‌ಗೆ ಆಧಾರ (ಬೇಸ್) ಸೊನ್ನೆ ಎಂದು ಕೊಟ್ಟರೆ, ಮುಂದೆ ಸೊನ್ನೆ ಇರುವ ಸಂಖ್ಯೆಯನ್ನು 8ರ ಆಧಾರದ್ದು ಎಂದು ತಿಳಿಯುತ್ತದೆ. ಆ ಪದ್ಧತಿಯಲ್ಲಿ 8 ಎಂಬ ಅಂಕಿಯೇ ಇಲ್ಲದ್ದರಿಂದ ಸೊನ್ನೆಯಲ್ಲೇ ನಿಂತುಬಿಡುತ್ತದೆ. ಬೀದರಿನ 08482, ಯಾದಗಿರಿಯ 08473 ಕೂಡ ಹಾಗೆಯೇ. ಕೂಡಿಸಿ ಕಳೆಯುವ ಅಗತ್ಯವಿಲ್ಲದ ಅಂಕಿಗಳು ಪಠ್ಯವಾಗಿಯೇ ಇರಲಿ, ಪಿನ್ ಕೋಡ್, ಆಧಾರ್ ಎಲ್ಲವೂ.

ಕನ್ನಡದಲ್ಲಿ ಬರೆದಾಗ

ಇಂಗ್ಲಿಷ್ ಲೇಖನಗಳು ಸಾಮಾನ್ಯವಾಗಿ ಮುಟ್ಟದ, ನಮಗೆ ಮಾತ್ರ ಎದುರಾಗುವ ಭಾಗ ಇದು. ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಹತ್ತು ಅಕ್ಷರ, ಹತ್ತು ಬೈಟು. 20ರ ಅರೇಯಲ್ಲಿ ಆರಾಮವಾಗಿ ಕೂರುತ್ತದೆ. ಅದನ್ನೇ 'ಕಲಬುರಗಿ' ಎಂದು ಕನ್ನಡದಲ್ಲಿ ಹೊಡೆದರೆ ಕಣ್ಣಿಗೆ ಐದೇ ಅಕ್ಷರ, ಯುನಿಕೋಡಿನಲ್ಲಿ ಏಳು ಸಂಕೇತ: ಕ, ಲ, ಬ, ಉಕಾರದ ಚಿಹ್ನೆ, ರ, ಗ, ಇಕಾರದ ಚಿಹ್ನೆ. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, ಒಟ್ಟು 21. ಅಂದರೆ ನಮ್ಮೂರಿನ ಹೆಸರೇ 20ರ ಅರೇಯಲ್ಲಿ ಹಿಡಿಯುವುದಿಲ್ಲ. ಎಫ್‌ಗೆಟ್ಸ್ 19 ಬೈಟಿಗೆ ನಿಲ್ಲುತ್ತದೆ: ಆರು ಸಂಕೇತಕ್ಕೆ 18, ಮೇಲೆ ಇಕಾರದ ಚಿಹ್ನೆಯ ಮೊದಲ ಬೈಟು. ಪರದೆಯ ಮೇಲೆ 'ಕಲಬುರಗ' ಮತ್ತು ಒಂದು ಒಡಕು ಗುರುತು. 'ಬಸವಕಲ್ಯಾಣ'ಕ್ಕೆ 27 ಬೈಟು. ಉರ್ದು ಲಿಪಿಯ ಅಕ್ಷರಗಳಿಗೆ ಎರಡೆರಡು ಬೈಟು ಸಾಕು. ಒಂದೇ ಊರಿನ ಹೆಸರು ಮೂರು ಲಿಪಿಯಲ್ಲಿ ಮೂರು ಉದ್ದ. ನಮ್ಮ ಭಾಗದಲ್ಲಿ ಮೂರೂ ಬರುತ್ತವೆ.

ಆದ್ದರಿಂದ ಹೆಸರು, ವಿಳಾಸಗಳ ಅರೇಗೆ ಗಾತ್ರ ನಿಗದಿ ಮಾಡುವಾಗ ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸಬೇಡಿ, ಬೈಟುಗಳನ್ನು ಎಣಿಸಿ. ವಿಳಾಸಕ್ಕೆ 256 ಅಥವಾ 512 ಇಟ್ಟರೆ ಇಂದಿನ ಯಂತ್ರಕ್ಕೆ ಏನೂ ಭಾರವಲ್ಲ. ಕತ್ತರಿಸಲೇಬೇಕಾದ ಸಂದರ್ಭ ಬಂದರೆ ಎಲ್ಲಿಬೇಕಲ್ಲಿ ಕತ್ತರಿಸುವಂತಿಲ್ಲ. ಕನ್ನಡದ ಪ್ರತಿ ಸಂಕೇತದ ಮೊದಲ ಬೈಟು 224, ಎರಡನೆಯದು 178 ಅಥವಾ 179. ಮುಂದುವರಿಕೆಯ ಬೈಟುಗಳೆಲ್ಲ 128ರಿಂದ 191ರ ಒಳಗೆ ಇರುತ್ತವೆ. ಕತ್ತರಿಸುವ ಜಾಗದ ಬೈಟು ಆ ಒಳಗಿದ್ದರೆ, ಸಂಕೇತದ ಆರಂಭ ಸಿಗುವ ತನಕ ಹಿಂದಕ್ಕೆ ಸರಿದು ಅಲ್ಲಿ ಕತ್ತರಿಸಬೇಕು.

ಇನ್ನೊಂದು ಬಲೆ ಇಲ್ಲೇ ಇದೆ. ಹೆಸರಿನಲ್ಲಿ ಅಕ್ಷರಗಳೇ ಇವೆಯೇ ಎಂದು ಇಸ್‌ಆಲ್ಫಾದಿಂದ ಪರೀಕ್ಷಿಸುವುದು ವಾಡಿಕೆ. ಇಂಟೆಲ್ ಯಂತ್ರದಲ್ಲಿ ಚಾರ್‌ಗೆ ಋಣ ಚಿಹ್ನೆ ಇರುವುದರಿಂದ 224 ಎಂಬ ಬೈಟು -32 ಆಗಿ ಹೋಗುತ್ತದೆ. ಇಓಎಫ್ ಬಿಟ್ಟರೆ ಋಣ ಸಂಖ್ಯೆ ಕೊಡುವುದು ಆ ಫಂಕ್ಷನ್ನಿನ ನಿಯಮಕ್ಕೆ ವಿರುದ್ಧ, ಅದು ಏನು ಬೇಕಾದರೂ ಮಾಡಬಹುದು. ಅನ್‌ಸೈನ್ಡ್ ಚಾರ್‌ಗೆ ಬದಲಿಸಿ ಕೊಟ್ಟರೆ ಆ ಅಪಾಯ ತಪ್ಪುತ್ತದೆ. ಆದರೂ ಸಾಮಾನ್ಯ ವ್ಯವಸ್ಥೆಯಲ್ಲಿ ಅದು ಕನ್ನಡದ ಬೈಟನ್ನು ಅಕ್ಷರವಲ್ಲ ಎಂದೇ ಹೇಳುತ್ತದೆ. ಕನ್ನಡದಲ್ಲಿ ಹೆಸರು ಬರೆದವರಿಗೆ 'ತಪ್ಪು ಹೆಸರು' ಎಂದು ತೋರಿಸುವ ಪ್ರೋಗ್ರಾಮ್ ಕಲಬುರಗಿಯಲ್ಲಿ ಯಾರಿಗೆ ಬೇಕು? ಆ ಪರೀಕ್ಷೆಯನ್ನೇ ಬಿಟ್ಟು, ಸಾಲು ಖಾಲಿ ಇಲ್ಲ ಎಂಬುದನ್ನು ಮಾತ್ರ ನೋಡಿದರೆ ಸಾಕು.

ಚೀಟಿ ಮುದ್ರಿಸುವಾಗ ಪ್ರಿಂಟ್‌ಎಫ್‌ಗೆ ಹೆಸರನ್ನು ನೇರವಾಗಿ ಮೊದಲ ಆರ್ಗ್ಯುಮೆಂಟಾಗಿ ಕೊಡಬೇಡಿ. ಬಳಕೆದಾರರು ಹೆಸರಿನ ಜಾಗದಲ್ಲಿ '%ಎಸ್' ಅಥವಾ '%ಎನ್' ಎಂದು ಹೊಡೆದಿದ್ದರೆ ಪ್ರಿಂಟ್‌ಎಫ್ ಅದನ್ನು ಆಜ್ಞೆಯೆಂದೇ ತಿಳಿಯುತ್ತದೆ, '%ಎನ್' ಮೆಮೊರಿಗೆ ಬರೆಯಲೂಬಲ್ಲದು. ಯಾವಾಗಲೂ ಮೊದಲು '%ಎಸ್', ಆಮೇಲೆ ಹೆಸರು.

ಕಂಪೈಲ್ ಮಾಡುವಾಗ ಜಿಸಿಸಿಗೆ ವಾಲ್, ವೆಕ್ಸ್‌ಟ್ರಾ ಎಚ್ಚರಿಕೆಗಳ ಜೊತೆಗೆ ಅಡ್ರೆಸ್ ಸ್ಯಾನಿಟೈಜರ್ ಕೂಡ ಹಾಕಿ. ಅರೇಯ ಗಡಿ ಒಂದೇ ಬೈಟು ದಾಟಿದರೂ ಅದು ಯಾವ ಫಂಕ್ಷನ್ನಿನಲ್ಲಿ ಆಯಿತು ಎಂದು ಹೇಳಿ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಆಮೇಲೆ ಒಂದು ಫೈಲಿನಲ್ಲಿ ಕೆಟ್ಟ ಉತ್ತರಗಳನ್ನೆಲ್ಲ ಬರೆದಿಡಿ: ಬರೀ ಎಂಟರ್, ಬರೀ ಖಾಲಿ ಜಾಗ, 600 ಅಕ್ಷರದ ಸಾಲು, ಅರೇಗೆ ಸರಿಯಾಗಿ ಹಿಡಿಯುವ ಸಾಲು, ಕನ್ನಡದಲ್ಲಿ 'ಕಲಬುರಗಿ', '12.5', '12ಚೀಲ', '-3', '08472', ಕೊನೆಯ ಸಾಲಿಗೆ ಎಂಟರ್ ಹಾಕದೆ. ಆ ಫೈಲನ್ನು ರೀಡೈರೆಕ್ಟ್ ಮಾಡಿ ಪ್ರೋಗ್ರಾಮಿಗೆ ಕೊಡಿ. ಕೀಬೋರ್ಡಿನಲ್ಲಾದರೆ ಲಿನಕ್ಸಿನಲ್ಲಿ ಕಂಟ್ರೋಲ್-ಡಿ, ವಿಂಡೋಸಿನಲ್ಲಿ ಕಂಟ್ರೋಲ್-ಜೆಡ್ ಒತ್ತಿ ಎಂಟರ್ ಕೊಟ್ಟು ಇನ್‌ಪುಟ್ ಮುಗಿಸಿ ನೋಡಿ. ಆಗಲೂ ಪ್ರೋಗ್ರಾಮ್ ಅದೇ ಪ್ರಶ್ನೆಯನ್ನು ಕೇಳುತ್ತಲೇ ಇದ್ದರೆ, ಎಲ್ಲೋ ಒಂದು ಎಫ್‌ಗೆಟ್ಸ್ ಕೊಟ್ಟ ಉತ್ತರವನ್ನು ನೀವು ನೋಡಿಲ್ಲ.